ಶೌಚಾಲಯ ಕಟ್ಟಿದ್ದಾಯಿತು, ಗುಂಡಿ ಖಾಲಿ ಮಾಡುವವರು ಯಾರು?

ಪ್ರಶ್ನೆ: ನಮ್ಮದು ಮಧ್ಯ ಕರ್ನಾಟಕದ ಒಂದು ನಗರಸಭೆಗೆ ಸೇರಿದ ಕೊಳೆಗೇರಿ. 180 ಮನೆಗಳಿವೆ. ಸರ್ಕಾರದ ಸಹಾಯಧನದಲ್ಲಿ 60 ಮನೆಗಳವರು ಶೌಚಾಲಯ ಕಟ್ಟಿಸಿಕೊಂಡಿದ್ದಾರೆ. ಆದರೆ ಮಳೆಗಾಲ ಬಂದರೆ ಸಾಕು, ಗುಂಡಿ ತುಂಬಿ ಬೇಸಿನ್‌ನಲ್ಲಿ ನೀರು ಉಕ್ಕುತ್ತದೆ. ನಮ್ಮದು ಎರೆಮಣ್ಣಿನ ನೆಲ. ಗುಂಡಿಯ ಮಲವನ್ನು ಪೈಪಿನಿಂದ ಎಳೆದುಕೊಳ್ಳುವ ಸಕ್ಕಿಂಗ್ ಗಾಡಿ ಓಣಿಯೊಳಗೆ ಬರುವುದಿಲ್ಲ. ಉಳಿದ 120 ಮನೆಗಳವರಿಗೆ ಸಮುದಾಯ ಶೌಚಾಲಯವೇ ಗತಿ. ಅಲ್ಲಿನ ಹತ್ತು ಕೋಣೆಗಳಲ್ಲಿ ಬಾಗಿಲಿರುವುದು ಆರಕ್ಕೆ ಮಾತ್ರ, ರಾತ್ರಿ ಒಂಬತ್ತಕ್ಕೆ ಬೀಗ. ಈಗ ನಗರಸಭೆಯವರು ಇಪ್ಪತ್ತು ಕೋಣೆಗಳ ಹೊಸ ಕಟ್ಟಡ ಕಟ್ಟಿಕೊಡುತ್ತೇವೆ ಎನ್ನುತ್ತಿದ್ದಾರೆ. ಯುಜಿಡಿ (ನೆಲದಡಿಯ ಒಳಚರಂಡಿ) ಬರುತ್ತದೆ, ಅಲ್ಲಿಯವರೆಗೆ ಸುಮ್ಮನಿರಿ ಎನ್ನುವವರೂ ಇದ್ದಾರೆ. ನಮ್ಮ ಸ್ತ್ರೀಶಕ್ತಿ ಸಂಘದವರು ಏನು ಕೇಳಬೇಕು?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಹೊಸ ಕಟ್ಟಡವನ್ನು ಬೇಡವೆನ್ನಬೇಡಿ, ಆದರೆ ಷರತ್ತಿಲ್ಲದೆ ಒಪ್ಪಬೇಡಿ. ಯುಜಿಡಿಗಾಗಿ ಕೈಕಟ್ಟಿ ಕೂರಬೇಡಿ. ನಿಮ್ಮ ಅರ್ಜಿಯ ಮೊದಲ ಸಾಲಿನಲ್ಲಿ ಕಟ್ಟಡದ ಮಾತು ಇರಲೇಬಾರದು. ಗುಂಡಿ ಖಾಲಿ ಮಾಡುವುದು, ನೀರು ಕೊಡುವುದು, ಬಾಗಿಲು ರಿಪೇರಿ ಮಾಡುವುದು, ರಾತ್ರಿ ಬೀಗ ತೆರೆದಿಡುವುದು ಯಾರ ಹೊಣೆ, ಅದಕ್ಕೆ ಯಾವ ಲೆಕ್ಕಶೀರ್ಷಿಕೆಯಿಂದ ಹಣ ಎಂದು ಕೇಳಿ. ನಗರಸಭೆಗೆ ಕಟ್ಟುವುದು ಸುಲಭ. ಟೆಂಡರ್ ಇದೆ, ಬಿಲ್ ಇದೆ, ಉದ್ಘಾಟನೆಯ ಕಲ್ಲೂ ಇದೆ. ಕಟ್ಟಿದ ಮರುದಿನದಿಂದ ಶುರುವಾಗುವ ಕೆಲಸಕ್ಕೆ ಕಲ್ಲು ನೆಡುವವರಿಲ್ಲ, ಹಾಗಾಗಿ ಹಣ ಇಡುವವರೂ ಕಡಿಮೆ.

ಈಗ ನಿಮ್ಮ ಗುಂಡಿಗಳ ವಿಚಾರ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಲ್ಲಿ ಎರಡು ಬೇರೆ ಬೇರೆ ರೋಗಗಳು ಒಂದೇ ಲಕ್ಷಣ ತೋರಿಸುತ್ತವೆ. ಗುಂಡಿ ಮಲದಿಂದ ತುಂಬುವುದು ಒಂದು, ನೀರಿನಿಂದ ತುಂಬುವುದು ಇನ್ನೊಂದು. ಐದು ಜನರ ಕುಟುಂಬಕ್ಕೆ ಸುಮಾರು ಒಂದು ಮೀಟರ್ ಅಗಲ, ಅದಕ್ಕಿಂತ ಸ್ವಲ್ಪ ಹೆಚ್ಚು ಆಳದ ಇಂಗುಗುಂಡಿ ಒಳ್ಳೆಯ ಮಣ್ಣಿನಲ್ಲಿ ಮೂರು ವರ್ಷ ಬಾಳಬೇಕು. ಒಂದೇ ಮಳೆಗಾಲದಲ್ಲಿ ಉಕ್ಕುತ್ತಿದ್ದರೆ ಅದು ಮಲದ ದೋಷವಲ್ಲ. ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಎಷ್ಟು ನೀರು ಸುರಿದರೂ ಕುಡಿಯುತ್ತದೆ, ಮಳೆಗೆ ಉಬ್ಬಿ ಬಿಗಿದುಕೊಂಡು ಒಂದು ತಂಬಿಗೆಯನ್ನೂ ಇಂಗಿಸಿಕೊಳ್ಳುವುದಿಲ್ಲ. ಆಷಾಢ ಶ್ರಾವಣದಲ್ಲಿ ನಿಮ್ಮ ಗುಂಡಿಗಳು ತಳ ಮುಚ್ಚಿದ ಹಂಡೆಗಳೇ ಸರಿ. ಗಾಡಿ ತರಿಸಿ ಖಾಲಿ ಮಾಡಿಸಿದರೂ ವಾರದೊಳಗೆ ಮತ್ತೆ ಅದೇ ಕಥೆ. ಬಡವರ ದುಡ್ಡು ವ್ಯರ್ಥವಾಗುವುದು ಹೀಗೆ.

ಯಾವ ರೋಗ ಎಂದು ತಿಳಿಯಲು ದೊಡ್ಡ ಯಂತ್ರ ಬೇಡ. ಗುಂಡಿಯ ಮುಚ್ಚಳದಲ್ಲಿರುವ ಸಣ್ಣ ಕಿಂಡಿಯ ಮೂಲಕ ಉದ್ದನೆಯ ಗಳುವನ್ನು ಇಳಿಸಬೇಕು. ಗಳುವಿನ ಕೆಳಭಾಗಕ್ಕೆ ಹಳೆಯ ಬಿಳಿ ಬಟ್ಟೆ ಸುತ್ತಿ ಬಿಗಿಯಾಗಿ ಕಟ್ಟಿರಬೇಕು. ತಳ ಮುಟ್ಟಿಸಿ, ಎರಡು ಮೂರು ನಿಮಿಷ ಬಿಟ್ಟು ನಿಧಾನವಾಗಿ ಮೇಲೆತ್ತಿದರೆ ಕೆಸರು ಇರುವಷ್ಟು ಎತ್ತರಕ್ಕೆ ಬಟ್ಟೆ ಕಪ್ಪಾಗಿರುತ್ತದೆ, ಅದರ ಮೇಲೆ ಬರೀ ತೇವ. ಕಪ್ಪು ಭಾಗ ಗುಂಡಿಯ ಆಳದ ಮೂರನೇ ಒಂದು ಪಾಲಿಗೆ ಬಂದಿದ್ದರೆ ಖಾಲಿ ಮಾಡಿಸುವ ಕಾಲ ಬಂದಿದೆ. ಗೇಣುದ್ದವೂ ಇಲ್ಲದೆ ಮೇಲೆಲ್ಲ ನೀರೇ ಇದ್ದರೆ ನಿಮ್ಮ ಸಮಸ್ಯೆ ಮಣ್ಣಿನದು. ಎಚ್ಚರಿಕೆ ಒಂದೇ: ಮುಚ್ಚಳ ತೆಗೆದು ಬಗ್ಗಿ ನೋಡಬಾರದು, ಹತ್ತಿರ ಬೀಡಿ, ಬೆಂಕಿಕಡ್ಡಿ ಕೂಡದು, ಮಕ್ಕಳನ್ನು ದೂರ ಇಡಬೇಕು. ಒಳಗಿನ ಗಾಳಿ ಕ್ಷಣದಲ್ಲಿ ಪ್ರಜ್ಞೆ ತಪ್ಪಿಸುತ್ತದೆ.

ಅರವತ್ತು ಮನೆಗಳಲ್ಲೂ ಹೀಗೆ ಅಳೆದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮನೆಯ ಸಂಖ್ಯೆ, ಗುಂಡಿ ಒಂದೇ ಅಥವಾ ಎರಡೇ, ಗುಂಡಿಯೊಳಗೆ ಎಷ್ಟು ಸಿಮೆಂಟ್ ರಿಂಗ್ ಇಳಿಸಿದ್ದಾರೆ, ತಳ ಕಾಂಕ್ರೀಟೋ ಮಣ್ಣೋ, ಗುಂಡಿಯಿಂದ ಹೊರಗೆ ಪೈಪು ಹೋಗಿದೆಯೇ, ಹೋಗಿದ್ದರೆ ಎಲ್ಲಿಗೆ. ಕೊನೆಯ ಪ್ರಶ್ನೆಗೆ ಅನೇಕರು ಉತ್ತರಿಸಲು ಹಿಂಜರಿಯುತ್ತಾರೆ. ಪೈಪು ಹೋಗಿರುವುದು ಸಾಮಾನ್ಯವಾಗಿ ಮನೆ ಮುಂದಿನ ಮಳೆನೀರಿನ ಚರಂಡಿಗೆ. ಯಾರನ್ನೂ ದೂರಬೇಡಿ. ಸಹಾಯಧನದ ಕಂತು ಬಿಡುಗಡೆಯಾದದ್ದು ಗೋಡೆ, ಬಾಗಿಲು, ಬೇಸಿನ್ ಕಾಣುವ ಫೋಟೊ ನೋಡಿ. ನೆಲದಡಿಯದ್ದನ್ನು ಯಾರೂ ಕೇಳಲಿಲ್ಲ. 2014ರ ಅಕ್ಟೋಬರ್ 2ರಂದು ಆರಂಭವಾದ ಸ್ವಚ್ಛ ಭಾರತ ಅಭಿಯಾನದಲ್ಲಿ ನಗರದ ಮನೆ ಶೌಚಾಲಯಕ್ಕೆ ಕೇಂದ್ರ ಕೊಟ್ಟದ್ದು 4,000 ರೂಪಾಯಿ. ರಾಜ್ಯದ ಪಾಲು ಸೇರಿಸಿದರೂ ಎರೆಮಣ್ಣಿನಲ್ಲಿ ಎರಡು ಗುಂಡಿ ಸರಿಯಾಗಿ ಕಟ್ಟಲು ಕುಟುಂಬ ತನ್ನ ಕೈಯಿಂದಲೂ ಹಾಕಬೇಕಿತ್ತು. ಆಗದವರು ಮೂರು ರಿಂಗ್ ಇಳಿಸಿ ಅದನ್ನೇ ಸೆಪ್ಟಿಕ್ ಟ್ಯಾಂಕ್ ಎಂದರು.

ಪರಿಹಾರ ಇದೆ. ಎರೆಮಣ್ಣಿನಲ್ಲಿ ಗುಂಡಿಯನ್ನು ಅಗಲವಾಗಿ ತೋಡಿ, ರಿಂಗ್ ಮತ್ತು ಮಣ್ಣಿನ ನಡುವೆ ಸುತ್ತಲೂ ಒಂದು ಅಡಿ ದಪ್ಪಕ್ಕೆ ಮರಳು, ಜಲ್ಲಿ ತುಂಬಿಸುವುದು ಎಂಜಿನಿಯರುಗಳ ಕೈಪಿಡಿಯಲ್ಲೇ ಇರುವ ಕ್ರಮ. ಜಾಗವಿದ್ದರೆ ಎರಡು ಗುಂಡಿ ಮಾಡಿ, ಒಂದು ತುಂಬಿದಾಗ ನೀರನ್ನು ಇನ್ನೊಂದಕ್ಕೆ ತಿರುಗಿಸಬೇಕು. ಮುಚ್ಚಿಟ್ಟ ಗುಂಡಿ ಎರಡು ವರ್ಷದಲ್ಲಿ ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಸುಲಭ್ ಸಂಸ್ಥೆಯ ಬಿಂದೇಶ್ವರ್ ಪಾಠಕ್ ಅವರು 1970ರಿಂದ ಬಿಹಾರದಲ್ಲಿ ಪ್ರಚಾರ ಮಾಡಿದ್ದು ಇದೇ ಪದ್ಧತಿ. ಆದರೆ ನಿಮ್ಮ ಓಣಿಯಲ್ಲಿ ಮನೆಗೆ ಮನೆ ಅಂಟಿಕೊಂಡಿದ್ದರೆ ಎರಡು ಗುಂಡಿಗೆ ಜಾಗ ಎಲ್ಲಿ ಬರಬೇಕು? ಅಂಥಲ್ಲಿ ಎಂಟು ಹತ್ತು ಮನೆಗಳಿಗೆ ಸೇರಿ ಓಣಿಯ ಬಾಯಲ್ಲಿ, ಗಾಡಿ ನಿಲ್ಲುವ ಕಡೆ, ತಳ ಕಾಂಕ್ರೀಟಿನ ಒಂದು ದೊಡ್ಡ ಸೆಪ್ಟಿಕ್ ಟ್ಯಾಂಕ್ ಕಟ್ಟಿ, ಮನೆಗಳಿಂದ ಸಣ್ಣ ಪೈಪಿನಲ್ಲಿ ಅಲ್ಲಿಗೆ ತರುವುದು ಮೇಲು. ಮುಂದೆ ಯುಜಿಡಿ ಬಂದಾಗ ಟ್ಯಾಂಕಿನ ಹೊರಹರಿವನ್ನು ಅದಕ್ಕೆ ಜೋಡಿಸಬಹುದು, ಓಣಿಯನ್ನು ಮತ್ತೆ ಅಗೆಯಬೇಕಿಲ್ಲ. ಸಹಾಯಧನ ಒಂದೊಂದು ಮನೆಯ ಹೆಸರಿಗೆ ಬರುವುದರಿಂದ ಅಧಿಕಾರಿಗಳು ಇದಕ್ಕೆ ಮೊದಲು ಒಪ್ಪುವುದಿಲ್ಲ. ನಗರಸಭೆಯ ನಿಧಿಯಿಂದ ಮಾಡಿಸಿ ಎಂದು ಪಟ್ಟು ಹಿಡಿಯಬೇಕು. ಹಣದ ದಾರಿಯನ್ನು ಮುಂದೆ ಹೇಳುತ್ತೇನೆ.

ಗಾಡಿ ಓಣಿಯೊಳಗೆ ಬರುವುದಿಲ್ಲ ಎಂದಿದ್ದೀರಿ. ಸಾಮಾನ್ಯ ಸಕ್ಕಿಂಗ್ ಗಾಡಿಯ ಟ್ಯಾಂಕು ಮೂರರಿಂದ ಐದು ಸಾವಿರ ಲೀಟರ್‌ನದು, ಪೈಪು ನೂರು ಅಡಿಯ ಆಸುಪಾಸು. ಇನ್ನಷ್ಟು ಪೈಪು ಜೋಡಿಸಬಹುದು. ಆದರೆ ಉದ್ದವಾದಷ್ಟೂ ಎಳೆತ ಕುಗ್ಗಿ ಮೇಲಿನ ನೀರು ಮಾತ್ರ ಬರುತ್ತದೆ, ತಳದ ಗಟ್ಟಿ ಕೆಸರು ಅಲ್ಲೇ ಉಳಿಯುತ್ತದೆ. ಗಾಡಿಯವನು ದುಡ್ಡು ಎಣಿಸಿಕೊಂಡು ಹೋಗುತ್ತಾನೆ, ಎರಡು ತಿಂಗಳಿಗೆ ಗುಂಡಿ ಮತ್ತೆ ತುಂಬುತ್ತದೆ. ಆದ್ದರಿಂದ ಕೆಲಸ ಮುಗಿಯಿತು ಎಂದಾಗ ಅದೇ ಬಟ್ಟೆ ಕಟ್ಟಿದ ಗಳುವನ್ನು ಮತ್ತೊಮ್ಮೆ ಇಳಿಸಿ ನೋಡಿ, ಆಮೇಲೆ ಹಣ ಕೊಡಿ. ಇಕ್ಕಟ್ಟಾದ ಓಣಿಗಳಿಗೆ ಟ್ರ್ಯಾಕ್ಟರಿಗೆ ಜೋಡಿಸುವ ಟ್ಯಾಂಕು ಅಥವಾ ಅದಕ್ಕಿಂತ ಸಣ್ಣ ಗಾಡಿ ಬೇಕು. ನಗರಸಭೆ ಮುಂದಿನ ಬಾರಿ ಗಾಡಿ ಕೊಳ್ಳುವಾಗ ನಿಮ್ಮ ಓಣಿಯ ಅಗಲವನ್ನು ಅಳತೆಗೆ ಇಟ್ಟುಕೊಳ್ಳಲಿ.

ಇಲ್ಲಿ ಒಂದು ಮಾತನ್ನು ಕಟುವಾಗಿಯೇ ಹೇಳಬೇಕಾಗಿದೆ. ಗಾಡಿ ಬಾರದ ಕಡೆ ಜನ ಏನು ಮಾಡುತ್ತಾರೆ ಎಂಬುದು ನಮಗೆಲ್ಲ ಗೊತ್ತು. ರಾತ್ರಿ ಹೊತ್ತು ಯಾರನ್ನೋ ಕರೆಸಿ, ಕುಡಿಯಲು ಒಂದಿಷ್ಟು ಕೊಟ್ಟು, ಬಕೆಟ್ ಹಿಡಿಸಿ ಗುಂಡಿಗೆ ಇಳಿಸುತ್ತಾರೆ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ರಕ್ಷಣಾ ಸಾಧನಗಳಿಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನು ಇಳಿಸಿದವರಿಗೆ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕರೆಸಿದವರು ಬಡವರೇ ಆಗಿದ್ದರೂ ವಿನಾಯಿತಿ ಇಲ್ಲ. ಒಳಚರಂಡಿ ಸಾವುಗಳಿಗೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2014ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ತಲೆಯ ಮೇಲೆ ಮಲ ಹೊರುವುದನ್ನು ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, 1970ರ ದಶಕದಲ್ಲೇ ನಿಷೇಧಿಸಿದ ರಾಜ್ಯ ನಮ್ಮದು. ಅದಾಗಿ ದಶಕಗಳ ನಂತರ, 2010ರ ಜುಲೈನಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನ ಭಂಗಿ ಸಮುದಾಯದವರು ತಮ್ಮನ್ನು ಎತ್ತಂಗಡಿ ಮಾಡುವುದನ್ನು ವಿರೋಧಿಸಿ ಪುರಸಭೆ ಎದುರು ಮೈಮೇಲೆ ಮಲ ಸುರಿದುಕೊಂಡಾಗ ನಾವೆಲ್ಲ ಬೆಚ್ಚಿಬಿದ್ದವರಂತೆ ನಟಿಸಿದೆವು. ನಿಮ್ಮ ಸಂಘದ ಸಭೆಯಲ್ಲಿ ಬೇರೆ ಯಾವ ನಿರ್ಣಯ ಆಗದಿದ್ದರೂ ಇದೊಂದು ಆಗಲಿ: ನಮ್ಮ ಓಣಿಯಲ್ಲಿ ಯಾರನ್ನೂ ಗುಂಡಿಗೆ ಇಳಿಸುವುದಿಲ್ಲ. ಗುಂಡಿ ಉಕ್ಕಿದಾಗ 14420 ಸಹಾಯವಾಣಿಗೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಗಾಡಿ ಬರಲಿ ಬಿಡಲಿ, ಆ ಸಂಖ್ಯೆ ನಾಳೆ ನಿಮ್ಮ ಅರ್ಜಿಗೆ ಬಲ.

ಎಳೆದುಕೊಂಡ ಮಲ ಎಲ್ಲಿ ಹೋಗುತ್ತದೆ ಎಂದೂ ಕೇಳಿ. ಊರಾಚೆಯ ಹಳ್ಳಕ್ಕೋ ಯಾರದೋ ಹೊಲಕ್ಕೋ ಹೋದರೆ ಜಂತುಹುಳುವಿನ ಮೊಟ್ಟೆಗಳು ತರಕಾರಿ ಬುಟ್ಟಿಯಲ್ಲಿ ನಿಮ್ಮ ಮನೆಗೇ ವಾಪಸ್ ಬರುತ್ತವೆ. ಇದಕ್ಕೆ ಉತ್ತರ ನಮ್ಮ ರಾಜ್ಯದಲ್ಲೇ ಇದೆ. ದೇವನಹಳ್ಳಿ ಪುರಸಭೆ 2015ರಲ್ಲಿ ಮಲತ್ಯಾಜ್ಯ ಸಂಸ್ಕರಣಾ ಘಟಕ ಆರಂಭಿಸಿತು. ಇಡೀ ಪಟ್ಟಣಕ್ಕೆಂದೇ ರೂಪಿಸಿದ ಇಂಥ ಘಟಕ ದೇಶದಲ್ಲಿ ಅದೇ ಮೊದಲು. ಬೆಂಗಳೂರಿನ ಸಿಡಿಡಿ ಸೊಸೈಟಿ ಎಂಬ ಸಂಸ್ಥೆ ಅದರ ವಿನ್ಯಾಸ ಮಾಡಿತು. ದಿನಕ್ಕೆ ಸುಮಾರು ಆರು ಸಾವಿರ ಲೀಟರ್ ಸಾಮರ್ಥ್ಯ, ಅಂದರೆ ಒಂದೆರಡು ಗಾಡಿ. ದೊಡ್ಡ ಯಂತ್ರೋಪಕರಣವೇನೂ ಇಲ್ಲ. ಇಳಿಜಾರಿನಲ್ಲಿ ತೊಟ್ಟಿಯಿಂದ ತೊಟ್ಟಿಗೆ ಹರಿದು, ಕೆಸರು ಒಣಗುವ ಹಾಸಿನ ಮೇಲೆ ನಿಲ್ಲುತ್ತದೆ. ಒಣಗಿದ್ದನ್ನು ಊರಿನ ಹಸಿ ಕಸದೊಂದಿಗೆ ಸೇರಿಸಿ ಗೊಬ್ಬರ ಮಾಡುತ್ತಾರೆ. ನಿಮ್ಮ ಸಂಘದ ನಾಲ್ಕು ಜನ, ಜೊತೆಗೆ ವಾರ್ಡಿನ ಸದಸ್ಯರು ಹೋಗಿ ನೋಡಿ ಬರುವುದು ಒಳ್ಳೆಯದು. ಅಂಥದ್ದನ್ನು ಕಣ್ಣಾರೆ ಕಂಡ ಸದಸ್ಯರು ಸಾಮಾನ್ಯ ಸಭೆಯಲ್ಲಿ ಮಾತನಾಡುವ ರೀತಿಯೇ ಬೇರೆ.

ಮಹಾರಾಷ್ಟ್ರದ ವಾಯಿ ಪಟ್ಟಣದವರು ಒಂದು ಹೆಜ್ಜೆ ಮುಂದೆ ಹೋದರು. ಕರೆದವರ ಮನೆಗೆ ಮಾತ್ರ ಗಾಡಿ ಬಂದರೆ ಬಡವರು ಉಕ್ಕುವವರೆಗೂ ಕರೆಯುವುದಿಲ್ಲ, ಏಕೆಂದರೆ ಒಂದೇ ದಿನ ಸಾವಿರಗಟ್ಟಲೆ ಕೊಡಲು ಕೈಯಲ್ಲಿ ಇರುವುದಿಲ್ಲ. ವಾಯಿಯಲ್ಲಿ ಓಣಿವಾರು ಸರದಿ ಹಾಕಿ ಮೂರು ವರ್ಷಕ್ಕೊಮ್ಮೆ ಎಲ್ಲರ ಟ್ಯಾಂಕನ್ನೂ ಖಾಲಿ ಮಾಡುತ್ತಾರೆ. ಖರ್ಚನ್ನು ತೆರಿಗೆಯ ಮೂಲಕ ವರ್ಷ ವರ್ಷ ಸಣ್ಣದಾಗಿ ವಸೂಲು ಮಾಡುತ್ತಾರೆ, ಗಾಡಿ ಬಂದ ದಿನ ಯಾರೂ ಜೇಬಿಗೆ ಕೈ ಹಾಕಬೇಕಿಲ್ಲ. ನಿಮ್ಮ ಅರ್ಜಿಯಲ್ಲಿ ಸೇರಿಸಬೇಕಾದ ಅತಿ ಮುಖ್ಯ ಬೇಡಿಕೆ ನನ್ನ ಮಟ್ಟಿಗೆ ಇದೇ.

ಇನ್ನು ಇಪ್ಪತ್ತು ಕೋಣೆಗಳ ಕಟ್ಟಡ. ಸ್ವಚ್ಛ ಭಾರತ ಅಭಿಯಾನದ ಮಾರ್ಗಸೂಚಿಯಂತೆ ಸಮುದಾಯ ಶೌಚಾಲಯದಲ್ಲಿ 35 ಗಂಡಸರಿಗೆ ಒಂದು, 25 ಹೆಂಗಸರಿಗೆ ಒಂದು ಕೋಣೆ ಬೇಕು. ನಿಮ್ಮ 120 ಮನೆಗಳಲ್ಲಿ ಮನೆಗೆ ಐದು ಜನ ಎಂದು ಹಿಡಿದರೆ ಆರುನೂರು ಮಂದಿ. ಹೆಂಗಸರಿಗೆ ಹನ್ನೆರಡು, ಗಂಡಸರಿಗೆ ಒಂಬತ್ತು. ಹಾಗಾಗಿ ಇಪ್ಪತ್ತು ಎನ್ನುವುದು ಹೆಚ್ಚುಕಡಿಮೆ ಸರಿಯಾದ ಲೆಕ್ಕವೇ, ಹತ್ತು ಹತ್ತು ಎಂದು ಸಮವಾಗಿ ಹಂಚಿದರೆ ಮಾತ್ರ ತಪ್ಪು. ನಕ್ಷೆಯನ್ನು ಕೈಗೆ ತೆಗೆದುಕೊಂಡು ಮೊದಲು ಇದನ್ನು ನೋಡಿ. ಈಗಿರುವ ಹತ್ತು ಕೋಣೆಗಳನ್ನು ಒಡೆದುಹಾಕಬೇಡಿ ಎಂದೂ ಹೇಳಿ. ನಾಲ್ಕು ಬಾಗಿಲಿನ ಖರ್ಚು ಹೊಸ ಕಟ್ಟಡದ ಸುಣ್ಣಬಣ್ಣಕ್ಕೂ ಸಾಲದು, ಆದರೆ ನಾಳೆಯಿಂದಲೇ ನಾಲ್ಕು ಕೋಣೆ ಸಿಗುತ್ತವೆ.

ಪುಣೆಯಲ್ಲಿ 1999ರಿಂದ 2001ರ ನಡುವೆ, ರತ್ನಾಕರ ಗಾಯಕ್‌ವಾಡ್ ಪಾಲಿಕೆಯ ಆಯುಕ್ತರಾಗಿದ್ದಾಗ, ಕೊಳೆಗೇರಿಗಳಲ್ಲಿ ನೂರಾರು ಸಮುದಾಯ ಶೌಚಾಲಯಗಳನ್ನು ಕಟ್ಟಿಸಿದರು. ಗುತ್ತಿಗೆ ಕಟ್ಟುವುದಕ್ಕಷ್ಟೇ ಅಲ್ಲ, ನಡೆಸುವುದಕ್ಕೂ ಸೇರಿತ್ತು. ಮಹಿಳಾ ಮಿಲನ್ ಸಂಘಟನೆಯ ಕೊಳೆಗೇರಿ ಹೆಂಗಸರೇ ಹಲವು ಕಡೆ ವಿನ್ಯಾಸಕ್ಕೆ ಕೈಹಾಕಿದರು. ಅವರು ತಂದ ಬದಲಾವಣೆಗಳು ಎಂಜಿನಿಯರುಗಳಿಗೆ ಹೊಳೆಯದಂಥವು. ನೀರು ತುಂಬಿದ ಬಕೆಟ್ ಹಿಡಿದು ಬರುವವಳಿಗೆ ಅನುಕೂಲವಾಗಲಿ ಎಂದು ಬಾಗಿಲು ಎರಡೂ ಕಡೆಗೆ ತೆರೆಯುವಂತೆ ಮಾಡಿದರು. ಹೆಂಗಸರಿಗೆ, ಗಂಡಸರಿಗೆ ಬೇರೆ ಬೇರೆ ಕಡೆಯಿಂದ ದಾರಿ. ಒಂದೇ ಸಾಲಾದರೆ ಗಂಡಸರು ನುಗ್ಗುತ್ತಾರೆ. ಮಕ್ಕಳಿಗೆ ಬೇರೆಯೇ ಕೋಣೆ: ಸಣ್ಣ ರಂಧ್ರ, ಹಿಡಿದುಕೊಳ್ಳಲು ಹಿಡಿ. ದೊಡ್ಡವರ ಕೋಣೆಯ ಕತ್ತಲಿಗೂ ಆಳಕ್ಕೂ ಹೆದರಿದ ಮಗು ಹೊರಗಿನ ಚರಂಡಿ ದಂಡೆಯಲ್ಲೇ ಕೂರುತ್ತದೆ, ಅದಕ್ಕೆ ಬೈದು ಪ್ರಯೋಜನವಿಲ್ಲ. ಕಟ್ಟಡದ ಮೇಲೆ ನೋಡಿಕೊಳ್ಳುವವರ ಕುಟುಂಬಕ್ಕೊಂದು ಮನೆ. ಕುಟುಂಬಕ್ಕೆ ತಿಂಗಳ ಪಾಸು, ಆಗಿನ ದರ 20 ರೂಪಾಯಿ. ಎಲ್ಲ ಕಡೆಯೂ ಇದು ಚೆನ್ನಾಗಿ ನಡೆಯಿತು ಎಂದು ಹೇಳಲಾರೆ. ಆದರೆ ನಡೆಸುವವರು ಅಲ್ಲೇ ವಾಸವಿದ್ದರೆ ರಾತ್ರಿ ಬೀಗದ ಸಮಸ್ಯೆಯೇ ಹುಟ್ಟುವುದಿಲ್ಲ.

ಬಳಸಿದ ಸಲಕ್ಕೆ ಇಷ್ಟು ಎಂಬ ಪದ್ಧತಿಗೆ ಒಪ್ಪಬೇಡಿ. ಬಸ್ ನಿಲ್ದಾಣಕ್ಕೆ ಅದು ಸರಿ; ಐದು ಜನರ ಮನೆಯಲ್ಲಿ ದಿನಕ್ಕೆ ಹತ್ತು ಸಲವಾದರೆ ತಿಂಗಳಿಗೆ ಎಷ್ಟಾಯಿತು ಎಂದು ನೀವೇ ಗುಣಿಸಿ ನೋಡಿ. ಅಂಥಲ್ಲಿ ಮನೆಯ ಯಜಮಾನನಿಗೆ ಕಾಸು ಸಿಗುತ್ತದೆ, ಹೆಣ್ಣುಮಕ್ಕಳು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ತಮಿಳುನಾಡಿನ ತಿರುಚಿರಾಪಳ್ಳಿಯಲ್ಲಿ ಗ್ರಾಮಾಲಯ ಸಂಸ್ಥೆಯ ಜೊತೆಗೂಡಿ ಕೊಳೆಗೇರಿಯ ಹೆಂಗಸರ ತಂಡಗಳೇ ಬಾಗಿಲಲ್ಲಿ ಟೋಕನ್ ಕೊಟ್ಟು, ಲೆಕ್ಕ ಬರೆದು ಶೌಚಾಲಯ ನಡೆಸಿ ತೋರಿಸಿವೆ. ನಿಮ್ಮ ಸಂಘಕ್ಕೂ ಇದು ಸಾಧ್ಯ. ಆದರೆ ನಗರಸಭೆಯಿಂದ ಬರವಣಿಗೆಯಲ್ಲಿ ಮೂರು ವಿಷಯ ಪಡೆಯದೆ ಬೀಗದ ಕೈ ತೆಗೆದುಕೊಳ್ಳಬೇಡಿ. ನೀರು ಮತ್ತು ವಿದ್ಯುತ್ ಬಿಲ್ ನಗರಸಭೆಯದು, ಗುಂಡಿ ಖಾಲಿ ಮಾಡುವುದು ನಗರಸಭೆಯದು, ದೊಡ್ಡ ರಿಪೇರಿ ನಗರಸಭೆಯದು. ಇವಿಲ್ಲದೆ ಜವಾಬ್ದಾರಿ ಹೊತ್ತ ಸಂಘಗಳು ವರ್ಷದೊಳಗೆ ಸಾಲದಲ್ಲಿ ಬಿದ್ದು, ಓಣಿಯವರ ಬೈಗುಳವನ್ನೂ ತಿನ್ನುತ್ತವೆ. ಮುಟ್ಟಿನ ಬಟ್ಟೆ, ಪ್ಯಾಡ್ ಹಾಕಲು ಮುಚ್ಚಳವಿರುವ ಡಬ್ಬಿಯನ್ನು ಪ್ರತಿ ಕೋಣೆಯಲ್ಲೂ ಇರಿಸಲು ಹೇಳಿ, ಇಲ್ಲದಿದ್ದರೆ ಪೈಪು ಕಟ್ಟಿಕೊಳ್ಳುವುದಕ್ಕೆ ಅದೇ ಮೊದಲ ಕಾರಣವಾಗುತ್ತದೆ.

ಯುಜಿಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬರಲಿ, ಒಳ್ಳೆಯದೇ. ಆದರೆ ಮುಖ್ಯರಸ್ತೆಯಲ್ಲಿ ಮ್ಯಾನ್‌ಹೋಲ್ ಕಂಡ ತಕ್ಷಣ ನಿಮ್ಮ ಮನೆಗೆ ಬಂತು ಎಂದಲ್ಲ. ಮನೆ ಸಂಪರ್ಕಕ್ಕೆ ಹಕ್ಕುಪತ್ರ ತನ್ನಿ ಎನ್ನುತ್ತಾರೆ, ಅಲ್ಲಿಗೆ ಮಾತು ನಿಂತುಹೋಗುತ್ತದೆ. ಬೆಂಗಳೂರು ಜಲಮಂಡಳಿ 2000ರ ದಶಕದ ಆರಂಭದಲ್ಲಿ, ಆಸ್ಟ್ರೇಲಿಯಾ ನೆರವಿನ ಯೋಜನೆಯೊಂದರ ಬೆನ್ನಲ್ಲೇ, ಕೊಳೆಗೇರಿ ಮನೆಗಳಿಗೆ ಹಕ್ಕುಪತ್ರದ ಬದಲು ಪಡಿತರ ಚೀಟಿಯಂಥ ವಾಸದ ದಾಖಲೆ ಒಪ್ಪಿ, ಶುಲ್ಕ ಇಳಿಸಿ ಸಂಪರ್ಕ ಕೊಟ್ಟಿತು. ಅಹಮದಾಬಾದಿನಲ್ಲಿ 1995ರಲ್ಲಿ ಶುರುವಾದ ಯೋಜನೆಯಲ್ಲಿ ಪ್ರತಿ ಕುಟುಂಬ 2,000 ರೂಪಾಯಿ ಹಾಕಿತು, ಪಾಲಿಕೆಯೋ ಹತ್ತು ವರ್ಷ ಒಕ್ಕಲೆಬ್ಬಿಸುವುದಿಲ್ಲ ಎಂಬ ಭರವಸೆ ಕೊಟ್ಟಿತು. ಹಣ ಸುಮ್ಮನೆ ಬರಲಿಲ್ಲ, ಆ ಭರವಸೆಗೆ ಬಂತು. ‘ಬೆಂಗಳೂರಿನಲ್ಲಿ ಆದದ್ದು ಇಲ್ಲೇಕೆ ಆಗದು’ ಎಂದು ನಿಮ್ಮ ಪೌರಾಯುಕ್ತರನ್ನು ಕೇಳುವ ಅಧಿಕಾರ ನಿಮಗಿದೆ.

ಈಗ ಹಣದ ದಾರಿ. ನಗರಸಭೆಗಳು ಸ್ವಂತ ಸಂಪನ್ಮೂಲ ಮತ್ತು ಎಸ್‌ಎಫ್‌ಸಿ (ರಾಜ್ಯ ಹಣಕಾಸು ಆಯೋಗ) ಅನುದಾನದಲ್ಲಿ ಶೇ 24.10ರಷ್ಟನ್ನು ಪರಿಶಿಷ್ಟ ಜಾತಿ, ಪಂಗಡಗಳಿಗೆ, ಶೇ 7.25ರಷ್ಟನ್ನು ಇತರ ಬಡವರಿಗೆ, ಶೇ 5ರಷ್ಟನ್ನು ಅಂಗವಿಕಲರಿಗೆ ಮೀಸಲಿಡಬೇಕು. ಕಳೆದ ಮೂರು ವರ್ಷ ಈ ಮೂರೂ ಬಾಬ್ತಿನಲ್ಲಿ ಎಷ್ಟು ಇಟ್ಟರು, ಎಷ್ಟು ಖರ್ಚಾಯಿತು, ಯಾವ ಓಣಿಗೆ ಎಂದು ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಕಟ್ಟಿ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ಉಳಿಕೆ ಹಣ ಕಾಣುವುದು ಅಪರೂಪವೇನಲ್ಲ. ನಿಮ್ಮ ಜಾಗ ಸ್ಲಂ ಬೋರ್ಡ್ ಘೋಷಿಸಿದ್ದೇ, ನಗರಸಭೆಗೆ ಹಸ್ತಾಂತರವಾಗಿದೆಯೇ ಎಂಬುದನ್ನೂ ಅದೇ ಅರ್ಜಿಯಲ್ಲಿ ಕೇಳಿ. ಇಲ್ಲದಿದ್ದರೆ ಇಬ್ಬರೂ ನಿಮ್ಮನ್ನು ಒಬ್ಬರ ಕಚೇರಿಯಿಂದ ಇನ್ನೊಬ್ಬರ ಕಚೇರಿಗೆ ಓಡಾಡಿಸುತ್ತಾರೆ.

ಬಜೆಟ್‌ಗೆ ಮುಂಚೆ ನಗರಸಭೆ ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯುತ್ತದೆ. ಸಾಮಾನ್ಯವಾಗಿ ಅಲ್ಲಿಗೆ ವರ್ತಕರೂ ನಿವೃತ್ತರೂ ಬರುತ್ತಾರೆ, ಓಣಿಯವರು ಬರುವುದಿಲ್ಲ. ನೀವು ಮೂವತ್ತು ಜನ ಹೋಗಿ, ನೋಟ್‌ಬುಕ್ಕಿನ ಜೆರಾಕ್ಸ್ ಕೊಟ್ಟು, ಪ್ರತಿಗೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಬೇಡಿಕೆ ನಾಲ್ಕೇ ಇರಲಿ: ಈ ತಿಂಗಳೇ ನಾಲ್ಕು ಬಾಗಿಲು ಮತ್ತು ರಾತ್ರಿ ದೀಪ, ಓಣಿಗೆ ಹಿಡಿಸುವ ಸಣ್ಣ ಗಾಡಿ ಹಾಗೂ ಮೂರು ವರ್ಷದ ಸರದಿ, ಗುಂಡಿ ಕೆಟ್ಟ ಮನೆಗಳಿಗೆ ಓಣಿ ಬಾಯಲ್ಲಿ ಎಲ್ಲರಿಗೂ ಸೇರಿದ ಟ್ಯಾಂಕು, ಹೊಸ ಕಟ್ಟಡದ ಟೆಂಡರಿನಲ್ಲೇ ಐದು ವರ್ಷದ ನಿರ್ವಹಣೆ. ಟೆಂಡರ್ ಕರೆಯುವ ಮೊದಲು ಅಂದಾಜುಪಟ್ಟಿಯನ್ನು ಪರಿಸರ ಎಂಜಿನಿಯರ್ ಬಳಿ ಕೇಳಿ ನೋಡಿ. ಅದರಲ್ಲಿ ನಿರ್ವಹಣೆಯ ಸಾಲು ಇಲ್ಲದಿದ್ದರೆ ಆ ದಿನವೇ ಲಿಖಿತ ಆಕ್ಷೇಪಣೆ ಕೊಡಿ, ಕಾರ್ಯಾದೇಶ ಹೊರಬಿದ್ದ ಮೇಲೆ ಆ ಸಾಲನ್ನು ಸೇರಿಸುವುದು ಬಹಳ ಕಷ್ಟ.